ಉಗಾಂಡದ ಹಳ್ಳಿಗೆ ಸ್ವಯಂಸೇವೆಗೆ ಹೊರಟ ಕಾಫಿ ಸೀಮೆಯವರಿಗೆ

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಉಗಾಂಡ ಮೊದಲ ನೋಟಕ್ಕೇ ಹತ್ತಿರದ ದೇಶ ಅನ್ನಿಸುತ್ತದೆ. ರೋಬಸ್ಟಾ ಅಲ್ಲಿಯ ಕಾಡಿನದೇ ಗಿಡ. ಬಾಳೆಯ ನಡುವೆ ಕಾಫಿ, ಪಶ್ಚಿಮದ ಜಿಲ್ಲೆಗಳಲ್ಲಿ ರಾಗಿ ಮುದ್ದೆ, ಊರ ಮಧ್ಯೆ ನಮ್ಮದೇ ಮಾದರಿಯ ಬೋರ್‌ವೆಲ್ ಕೈಪಂಪು, ಗೂಡಂಗಡಿಯಲ್ಲಿ ಚಪಾತಿ, ಚಾಯ್. ಇಷ್ಟು ಕಂಡ ಮೇಲೆ ಊರು ಅರ್ಥವಾಯಿತು ಅಂದುಕೊಳ್ಳುವುದು ಸಹಜ, ಎಡವುವುದೂ ಅಲ್ಲೇ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿಕೊಂಡು ಮಾಡುತ್ತಾರೆ. ಗೊತ್ತಿದೆ ಅಂದುಕೊಂಡದ್ದನ್ನು ಕೇಳದೆ ಮಾಡಿಬಿಡುತ್ತಾರೆ. ಆರು ತಿಂಗಳೋ ಒಂದು ವರ್ಷವೋ ಅಲ್ಲಿದ್ದು ಕೆಲಸ ಮಾಡಿ ಬರಬೇಕೆನ್ನುವವರಿಗಾಗಿ ಬರೆದದ್ದು ಇದು. ಮಧ್ಯ ಉಗಾಂಡದ, ಅಂದರೆ ಬುಗಾಂಡ ಸೀಮೆಯ, ಕಾಫಿ-ಬಾಳೆ ಹಳ್ಳಿಗಳನ್ನೇ ಹೆಚ್ಚಾಗಿ ಲೆಕ್ಕಕ್ಕೆ ಹಿಡಿದಿದ್ದೇವೆ. ಉತ್ತರದ ಒಣ ಸೀಮೆಗೆ ಹೋಗುವವರು ತೋಟದ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು.

ಯಾರ ಮೂಲಕ ಹೋಗಬೇಕು

ಹಳ್ಳಿಯಲ್ಲಿ ಇಳಿದು "ಏನಾದರೂ ಕೆಲಸ ಹೇಳಿ" ಅನ್ನುವುದು ನಡೆಯುವ ಮಾತಲ್ಲ. ಕರೆಸಿಕೊಳ್ಳುವ ಸಂಸ್ಥೆ ಬೇಕು. ವಿಶ್ವಸಂಸ್ಥೆಯ ಯುಎನ್ ವಾಲಂಟಿಯರ್ಸ್, 1958ರಿಂದ ಇರುವ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) ಮುಂತಾದವು ನಿಮ್ಮ ಕಸುಬು, ಅನುಭವ ನೋಡಿ ಆರಿಸಿ ಭತ್ಯೆ ಕೊಡುತ್ತವೆ. ಸಣ್ಣ ಸಂಸ್ಥೆಗಳ ವಿಷಯದಲ್ಲಿ ನೀವೇ ತನಿಖೆ ಮಾಡಬೇಕು. ಉಗಾಂಡದ 2016ರ ಎನ್‌ಜಿಒ ಕಾಯ್ದೆಯ ಪ್ರಕಾರ ಸಂಸ್ಥೆಗೆ ಪರವಾನಗಿಯೂ ಕೆಲಸ ಮಾಡುವ ಜಿಲ್ಲೆಯ ಆಡಳಿತದೊಂದಿಗೆ ಒಪ್ಪಂದವೂ ಇರಬೇಕು. ಎರಡರ ಪ್ರತಿಯನ್ನೂ ಕೇಳಿ. ಆಮೇಲೆ ಮೂರು ಪ್ರಶ್ನೆ: ನನ್ನ ಕೆಲಸ ಏನು? ನಾನು ಬರುವ ಮೊದಲು ಅದನ್ನು ಯಾರು ಮಾಡುತ್ತಿದ್ದರು? ನಾನು ಹೋದ ಮೇಲೆ ಯಾರು ಮಾಡುತ್ತಾರೆ? ಮೂರನೆಯದಕ್ಕೆ ಉತ್ತರ ಬರದಿದ್ದರೆ ಆ ಸಂಸ್ಥೆ ಬೇಡ. ನಿಮ್ಮಿಂದ ದೊಡ್ಡ ಮೊತ್ತ ಕೇಳಿ, ನಿಮಗೆ ಏನು ಬರುತ್ತದೆಂದು ಕೇಳದೇ ಇದ್ದರೆ ಅದು ಪ್ರವಾಸದ ವ್ಯಾಪಾರ.

ಅನಾಥಾಶ್ರಮದ ಕೆಲಸ ಎಂದರೆ ಒಪ್ಪಿಕೊಳ್ಳಬೇಡಿ. ಅಂಥ ಕಡೆ ಇರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಬಂದುಹೋಗುವ ವಿದೇಶಿಯರ ದುಡ್ಡಿಗಾಗಿಯೇ ಮಕ್ಕಳನ್ನು ಇಟ್ಟುಕೊಳ್ಳುವುದು ನಡೆಯುತ್ತದೆ. ಎರಡು ತಿಂಗಳಿಗೊಬ್ಬ ಅಕ್ಕ, ಅಣ್ಣ ಬಂದು ಅಪ್ಪಿಕೊಂಡು ಹೋಗುವುದರಿಂದ ಮಗುವಿಗೆ ಆಗುವುದು ಕೆಡುಕೇ.

ವೀಸಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಾಮಾನ್ಯ ಪ್ರವಾಸಿ ವೀಸಾಕ್ಕೆ 50 ಡಾಲರ್. ಆದರೆ ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು, ಸಂಬಳವಿಲ್ಲದಿದ್ದರೂ, ನಿಯಮಕ್ಕೆ ವಿರುದ್ಧ. ಸರಿಯಾದ ಪಾಸಿಗೆ ಅರ್ಜಿ ಹಾಕಬೇಕಾದದ್ದು ಕರೆಸಿಕೊಳ್ಳುವ ಸಂಸ್ಥೆ. "ಪ್ರವಾಸಿ ಅಂತಲೇ ಬನ್ನಿ, ಆಮೇಲೆ ನೋಡೋಣ" ಅಂದರೆ ಸಂಸ್ಥೆಯ ಉಳಿದ ವ್ಯವಹಾರವೂ ಹಾಗೆಯೇ ಇರುತ್ತದೆಂದು ತಿಳಿಯಿರಿ. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿಟ್ಟಿರಿ. ಶಾಲೆ, ಆಸ್ಪತ್ರೆಯ ಕೆಲಸಕ್ಕೆ ಕೇಳಿಯೇ ಕೇಳುತ್ತಾರೆ.

ಹೊರಡುವ ಮುನ್ನ: ಲಸಿಕೆ, ಮಾತ್ರೆ, ಚೀಲ

ಹಳದಿ ಜ್ವರದ ಲಸಿಕೆ ಇಲ್ಲದೆ ಉಗಾಂಡಕ್ಕೆ ಪ್ರವೇಶವಿಲ್ಲ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಬೆಂಗಳೂರಿನಲ್ಲಿ ಮುಂಚೆಯೇ ದಿನ ಗೊತ್ತುಮಾಡಿಕೊಂಡು ಹೋಗಿ. ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಜೀವಮಾನ ಪೂರ್ತಿ ನಡೆಯುತ್ತದೆ. ಆ ಹಳದಿ ಪುಸ್ತಕ ಕಳೆದುಕೊಂಡರೆ ವಾಪಸ್ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಜೀವಂತ ಲಸಿಕೆ. ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ವೈದ್ಯರಿಗೆ ಹೇಳಿಯೇ ಹಾಕಿಸಿಕೊಳ್ಳಬೇಕು. ಟೈಫಾಯಿಡ್, ಹೆಪಟೈಟಿಸ್ ಎ, ಧನುರ್ವಾಯು, ಹಳ್ಳಿಯಲ್ಲಿ ಹೆಚ್ಚು ಕಾಲ ಇರುವವರಾದರೆ ರೇಬೀಸ್ ಲಸಿಕೆಯೂ ಮುಗಿದಿರಲಿ.

ಮಲೇರಿಯಾವನ್ನು ಹಗುರವಾಗಿ ತೆಗೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅಲ್ಲಿ ಇರುವುದು ಹೆಚ್ಚಾಗಿ ಫಾಲ್ಸಿಪ್ಯಾರಮ್. ತಡಮಾಡಿದರೆ ಮಿದುಳಿಗೆ ಏರಿ ಕೊಲ್ಲುವ ಜಾತಿ. ತಡೆಗೆ ಮೂರು ಬಗೆಯ ಮಾತ್ರೆಗಳಿವೆ. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಹೊರಡುವ 1–2 ದಿನ ಮೊದಲು ಶುರು, ಬಂದ ಮೇಲೆ 4 ವಾರ. ಅಟೊವಾಕ್ವೋನ್-ಪ್ರೊಗ್ವಾನಿಲ್ ಕೂಡ ದಿನಕ್ಕೊಂದು, ಬಂದ ಮೇಲೆ 7 ದಿನ ಸಾಕು, ಆದರೆ ದುಬಾರಿ. ಮೆಫ್ಲೋಕ್ವಿನ್ ವಾರಕ್ಕೊಂದು, ಕೆಟ್ಟ ಕನಸು, ಮನಸ್ಸಿನ ಕಳವಳ ತರುವುದುಂಟು, ಹಾಗಾಗಿ ಎರಡು ಮೂರು ವಾರ ಮೊದಲೇ ಶುರುಮಾಡಿ ನೋಡುತ್ತಾರೆ. ಯಾವುದು ನಿಮಗೆ ಸರಿ ಎಂದು ವೈದ್ಯರು ಹೇಳಲಿ. ಡಾಕ್ಸಿಸೈಕ್ಲಿನ್ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ತೋಳು ಮುಚ್ಚುವ ಅಂಗಿ ಬೇಕು. ಮಾತ್ರೆ ತಿಂದರೂ ಸೊಳ್ಳೆಪರದೆ ಬಿಡಬಾರದು.

ಚೀಲಕ್ಕೆ: ಔಷಧಿ ಲೇಪಿಸಿದ ಸೊಳ್ಳೆಪರದೆ, ಹಣೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕು, ಚೌಕ ಕಾಲಿನ ಇಂಗ್ಲೆಂಡ್ ಮಾದರಿಯ ಮೂರು ಪಿನ್ ಪ್ಲಗ್ಗಿನ ಅಡಾಪ್ಟರ್, ಗಂಬೂಟು, ಹೆಂಗಸರಿಗೆ ಮೊಣಕಾಲು ದಾಟುವ ಲಂಗ ಅಥವಾ ಚೂಡಿದಾರ, ಗಂಡಸರಿಗೆ ಪೂರ್ತಿ ಪ್ಯಾಂಟು. ಬರ್ಮುಡಾ ಹಾಕಿ ಊರಲ್ಲಿ ಓಡಾಡುವ ದೊಡ್ಡ ಮನುಷ್ಯನನ್ನು ಅಲ್ಲಿ ಸ್ಕೂಲು ಹುಡುಗನಂತೆ ನೋಡುತ್ತಾರೆ. ಡಾಲರ್ ಒಯ್ಯುವುದಾದರೆ ಹೊಸ, ಮಡಿಕೆ ಬೀಳದ 50, 100ರ ನೋಟು. ಹಳೆಯ ಇಸವಿಯ ನೋಟು ತೆಗೆದುಕೊಳ್ಳುವುದಿಲ್ಲ, ಸಣ್ಣ ನೋಟಿಗೆ ದರ ಕಡಿಮೆ. ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಬೇಕು. ಹಳ್ಳಿಯ ಹಣಕಾಸೆಲ್ಲ ಮೊಬೈಲ್ ಮನಿಯಲ್ಲಿ ನಡೆಯುತ್ತದೆ. ನಮ್ಮ ಯುಪಿಐಗೆ ಬೇಕಾದಂತೆ ಇದಕ್ಕೆ ಬ್ಯಾಂಕ್ ಖಾತೆ ಬೇಕಿಲ್ಲ, ಆದರೆ ಕಳಿಸುವುದಕ್ಕೂ ನಗದು ತೆಗೆಯುವುದಕ್ಕೂ ಶುಲ್ಕವಿದೆ.

ಇನ್ನು ಮೈಗೆ ಹತ್ತುವ ಮೂರು ವಿಷಯ. ಇಂಬಳಕ್ಕೆ ಹೆದರದ ಕಾಲು ಎಂದು ಅಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಜಿಗ್ಗರ್ ಎಂಬ ಚಿಗಟ ಕಾಲ್ಬೆರಳ ಉಗುರಿನ ಪಕ್ಕ ಹೊಕ್ಕು ಮೊಟ್ಟೆಯಿಡುತ್ತದೆ. ನಡುವೆ ಕಪ್ಪು ಚುಕ್ಕೆಯಿರುವ ಬಿಳಿ ಗುಳ್ಳೆ, ವಿಪರೀತ ತುರಿಕೆ. ಕಾಯಿಸಿದ ಸೂಜಿಯಿಂದ ಇಡಿಯಾಗಿ ತೆಗೆಯಬೇಕು, ಅರ್ಧ ಉಳಿದರೆ ಕೀವಾಗುತ್ತದೆ. ನೆರೆಮನೆಯವರಿಗೆ ಈ ಕೈಚಳಕ ಗೊತ್ತಿರುತ್ತದೆ, ಅವರಿಗೇ ಕಾಲು ಕೊಡಿ. ಎರಡನೆಯದು ಮ್ಯಾಂಗೊ ನೊಣ: ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ, ಬಟ್ಟೆ ತೊಟ್ಟರೆ ಹುಳ ಚರ್ಮದೊಳಗೆ. ಆದ್ದರಿಂದಲೇ ಅಲ್ಲಿ ಒಳಬಟ್ಟೆಗೂ ಇದ್ದಿಲ ಇಸ್ತ್ರಿಪೆಟ್ಟಿಗೆ ಓಡುತ್ತದೆ; ಹೊಲಿಗೆಯ ಅಂಚು ಬಿಡದೆ ಎರಡೂ ಕಡೆ ಉಜ್ಜಿ. ಮೂರನೆಯದು, ವಿಕ್ಟೋರಿಯಾ ಸರೋವರದಲ್ಲಿ, ಅದರ ಅಂಚಿನ ಜೌಗಿನಲ್ಲಿ ಕಾಲಿಡುವುದು. ನೀರಲ್ಲಿರುವ ಬಸವನಹುಳದಿಂದ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ಹುಳದ ರೋಗ ಬರುತ್ತದೆ, ಹೇಮಾವತಿ ಹೊಳೆಯಲ್ಲಿ ಈಜಿದ ಧೈರ್ಯ ಇಲ್ಲಿ ಬೇಡ.

ಮೊದಲ ವಾರ

ಉಗಾಂಡದ ಆಡಳಿತದಲ್ಲಿ ತೀರಾ ಕೆಳಗಿನ ಮೆಟ್ಟಿಲು ಹಳ್ಳಿಯ ಲೋಕಲ್ ಕೌನ್ಸಿಲ್, ಎಲ್‌ಸಿ-1. ಅದರ ಮುಖ್ಯಸ್ಥರನ್ನು ಎಲ್ಲರೂ ಛೇರ್ಮನ್ ಎನ್ನುತ್ತಾರೆ. ನಮ್ಮ ಗ್ರಾಮ ಪಂಚಾಯಿತಿ ಹಲವು ಹಳ್ಳಿಗೆ ಒಂದು. ಇವರು ಒಂದೇ ಹಳ್ಳಿಯವರು, ಮನೆಮನೆ ಬಲ್ಲವರು. ಊರಿಗೆ ಬಂದ ದಿನವೇ, ತಪ್ಪಿದರೆ ಮರುದಿನ ಬೆಳಗ್ಗೆ, ಸಂಸ್ಥೆಯ ಸ್ಥಳೀಯರೊಬ್ಬರ ಜೊತೆ ಅವರ ಮನೆಗೆ ಹೋಗಿ ಹೆಸರು, ದೇಶ, ಎಷ್ಟು ಕಾಲ, ಏನು ಕೆಲಸ, ಯಾರ ಮನೆಯಲ್ಲಿ ವಾಸ ಎಂದು ಹೇಳಬೇಕು. ಪುಸ್ತಕದಲ್ಲಿ ಬರೆಸಿ ಸಹಿ ಮಾಡಿಸಬಹುದು. ಇದು ಮರ್ಯಾದೆಯ ಮಾತಷ್ಟೇ ಅಲ್ಲ: ಕಳ್ಳತನವೋ ಜಗಳವೋ ಆದರೆ ಪೊಲೀಸರು ಮೊದಲು ಕೇಳುವುದು ಛೇರ್ಮನ್ನರನ್ನೇ. "ಇವರು ನಮ್ಮೂರಲ್ಲಿದ್ದಾರೆ" ಎಂದು ಅವರು ಹೇಳುವಂತಿರಬೇಕು.

ಮೊದಲ ವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನೀರು ಎಲ್ಲಿ, ಸಂತೆ ಯಾವ ದಿನ, ಆಸ್ಪತ್ರೆಗೆ ಎಷ್ಟು ದೂರ, ರಾತ್ರಿ ತುರ್ತಾದರೆ ಯಾರ ಬೋಡಾ ಸಿಗುತ್ತದೆ, ಇಷ್ಟನ್ನು ನಡೆದಾಡಿ ತಿಳಿಯಿರಿ. ಬೋಡಾ-ಬೋಡಾ ಎಂದರೆ ಬಾಡಿಗೆ ಬೈಕು. ದರ ಹತ್ತುವ ಮೊದಲೇ ಮಾತಾಡಬೇಕು, ಹೆಲ್ಮೆಟ್ ನಿಮ್ಮದೇ ಇರಲಿ. ವಿದೇಶಿಯರಿಗೆ ಅಲ್ಲಿ ದೊಡ್ಡ ಅಪಾಯ ಸಿಂಹ, ಹಾವಿನದಲ್ಲ, ರಸ್ತೆಯದು. ಲುಗಾಂಡ ಭಾಷೆಯಲ್ಲಿ ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ: ನಮ್ಮ ಏಳು ಗಂಟೆ ಅಲ್ಲಿ ಒಂದು, ಎಂಟು ಅಲ್ಲಿ ಎರಡು. ಸಭೆ ಎರಡಕ್ಕೆ ಎಂದರೆ ಬೆಳಗಿನ ಎಂಟೋ ಮಧ್ಯಾಹ್ನದ ಎರಡೋ ಎಂದು ಒಮ್ಮೆ ಕೇಳಿಬಿಡಿ.

ಮಾತಾಡಿಸುವುದು

ಇದಕ್ಕೆ ಬೇರೆ ಯಾವುದಕ್ಕಿಂತ ಹೆಚ್ಚು ಹೊತ್ತು ಕೊಡಿ. ಬುಗಾಂಡದಲ್ಲಿ ಎದುರಾದವರನ್ನು ಮಾತಾಡಿಸದೆ ಹೋದರೆ ಸೊಕ್ಕಿನವರು ಎಂದೇ ಲೆಕ್ಕ. ಬೆಳಗ್ಗೆ "ವಾಸುಝೆ ಒಟ್ಯ", ರಾತ್ರಿ ಹೇಗೆ ಕಳೆಯಿತು. ಮಧ್ಯಾಹ್ನದ ಮೇಲೆ "ಒಸೀಬ್ಯೆ ಒಟ್ಯ", ಹಗಲು ಹೇಗಾಯಿತು. ಉತ್ತರ "ಬುಲುಂಗಿ". ಗಂಡಸರಿಗೆ ಕೊನೆಯಲ್ಲಿ "ಸೆಬೊ", ಹೆಂಗಸರಿಗೆ "ನ್ಯಾಬೊ" ಸೇರಿಸಬೇಕು. ಅಜ್ಜ, ಅಜ್ಜಿ ಇಬ್ಬರಿಗೂ "ಜಾಜ್ಜ". ಗುದ್ದಲಿ ಹಿಡಿದವರನ್ನೋ ಹೊರೆ ಹೊತ್ತವರನ್ನೋ ಕಂಡರೆ "ಜೆಬಲೆಕೊ" ಅನ್ನಬೇಕು, ಮಾಡುತ್ತಿರುವ ಕೆಲಸಕ್ಕೆ ಮೆಚ್ಚುಗೆ ಅದು. ಗುರುತು ಪರಿಚಯ ಬೇಕಿಲ್ಲ, ಕೆಲಸ ನಿಮ್ಮದಾಗಿರಬೇಕೆಂದೂ ಇಲ್ಲ. ಈ ಒಂದು ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡು ಹೋಗುವವರನ್ನು ಊರು ಹದಿನೈದೇ ದಿನದಲ್ಲಿ ಗುರುತು ಹಿಡಿಯುತ್ತದೆ. ಆ್ಯಪಿನಲ್ಲಿ ಕಲಿತ ಸ್ವಾಹಿಲಿ ಬುಗಾಂಡದ ಹಳ್ಳಿಯಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಬೇರೆ ಸೀಮೆಗೆ ಹೋಗುವವರು ಅಲ್ಲಿಯ ಭಾಷೆಯಲ್ಲಿ ಇದೇ ಐದಾರು ಮಾತು ಕಲಿಯಿರಿ.

ಕೈಕುಲುಕುವುದು ದೀರ್ಘ; ಮಾತು ಮುಗಿಯುವತನಕ ಕೈ ಬಿಡದಿರಬಹುದು, ಎಳೆದುಕೊಳ್ಳಬೇಡಿ. ಹಿರಿಯರಿಗಾದರೆ ಎಡಗೈಯಿಂದ ತಮ್ಮದೇ ಬಲ ಮುಂಗೈ ಹಿಡಿದುಕೊಂಡು ಕೈ ಕೊಡುತ್ತಾರೆ. ಕೊಡು-ಕೊಳ್ಳುವುದೆಲ್ಲ ಬಲಗೈಯಲ್ಲಿ, ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಂಗಸರು, ಮಕ್ಕಳು ಮಂಡಿಯೂರಿ ಮಾತಾಡಿಸುವುದನ್ನು ಕಂಡು ಕೆಲವರಿಗೆ ಕಸಿವಿಸಿ ಆಗುತ್ತದೆ; ಎತ್ತಿ ನಿಲ್ಲಿಸಲು ಹೋಗಬೇಡಿ, ಅವರಿಗೆ ಅವಮಾನ. ಹೊರಗಿನ ಹೆಂಗಸರು ಮಂಡಿಯೂರಲೇಬೇಕೆಂದೇನೂ ಇಲ್ಲ, ಸ್ವಲ್ಪ ಬಾಗಿದರೆ ಸಾಕು.

ಒಂದು ಮಾತು ನಡುವೆ. ನಮ್ಮ ಎಸ್ಟೇಟುಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಭಾಷೆಯಲ್ಲಿ ಒಂದು ನಮಸ್ಕಾರ ಬಲ್ಲ ಸಾಹುಕಾರರು, ರೈಟರು, ಮೇಸ್ತ್ರಿಗಳು ಎಷ್ಟು ಮಂದಿ? ಹೊರಡುವ ಮುಂಚೆ ಅವರ ಹತ್ತಿರ ಹೋಗಿ ಹೊಸ ಊರಲ್ಲಿ ಮೊದಲ ತಿಂಗಳು ಏನು ಕಷ್ಟವಾಯಿತೆಂದು ಕೇಳಿಕೊಂಡರೆ ಯಾವ ತರಬೇತಿ ಶಿಬಿರವೂ ಹೇಳದಷ್ಟು ವಿಷಯ ಸಿಗುತ್ತದೆ.

ಊಟ

ಬುಗಾಂಡದ ಮುಖ್ಯ ಊಟ ಮಟೋಕೆ. ಹಸಿರು ಬಾಳೆಕಾಯಿ ಸಿಪ್ಪೆ ತೆಗೆದು, ಬಾಳೆಲೆಯಲ್ಲಿ ಕಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ, ಎಲೆಯ ಗಂಟಿನಲ್ಲೇ ಹಿಸುಕುತ್ತಾರೆ. ಜೊತೆಗೆ ಕಡಲೆಕಾಯಿ ಬೀಜದ ಗಟ್ಟಿ ಸಾರು ಅಥವಾ ಹುರುಳಿಕಾಯಿ ಬೀಜ. ಸ್ಕೂಲುಗಳಲ್ಲಿ ಪೋಶೊ, ಅಂದರೆ ಬಿಳಿ ಜೋಳದ ಹಿಟ್ಟಿನ ಮುದ್ದೆ. ಇಲ್ಲಿ ಜೋಳವೆಂದರೆ ಮೆಕ್ಕೆಜೋಳ. ದೊಡೊ ಎಂಬುದು ನಮ್ಮ ದಂಟಿನ ಸೊಪ್ಪಿನ ಜಾತಿ. ಸಸ್ಯಾಹಾರಿಗಳು ಬದುಕಬಹುದು, ಆದರೆ ಕಡಲೆಕಾಯಿ ಸಾರಿಗೆ ಮುಕೆನೆ ಎಂಬ ಸಣ್ಣ ಒಣಮೀನು ಬೀಳುವುದುಂಟು, ಮೊದಲೇ ಕೇಳಿ. "ಮಾಂಸ ತಿನ್ನುವುದಿಲ್ಲ" ಎಂದರೆ ಮೀನು, ಕೋಳಿ ಅದರಲ್ಲಿ ಸೇರಿತೆಂದು ತಿಳಿಯಲಾರರು. ಒಂದೊಂದರ ಹೆಸರನ್ನೂ ಹೇಳಿ, ಅದೂ ಬಂದ ದಿನವೇ. ಕೋಳಿ ಕೊಯ್ದು ಬಡಿಸಿದ ಮೇಲಲ್ಲ.

ಪಶ್ಚಿಮದ ಆಂಕೋಲೆ, ಕಿಗೇಝಿ ಕಡೆ ಹೋದವರಿಗೆ ಕಾಲೊ ಸಿಗುತ್ತದೆ. ರಾಗಿಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ತಿರುವಿದ ಮುದ್ದೆ, ಸಣ್ಣ ಬುಟ್ಟಿಯಲ್ಲಿ ಬರುತ್ತದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ, ಹಾಸನಕ್ಕೆ ಬಂದದ್ದು ಅಲ್ಲಿಂದ. ಮರಗೆಣಸಿನಿಂದಾಗಿ ಅಂಟು ಜಾಸ್ತಿ. ನುಂಗುವ ಮುದ್ದೆಯ ಹಾಗೆ ದೊಡ್ಡ ತುತ್ತು ಗಂಟಲಿಗಿಳಿಸಲು ಹೋದರೆ ಸಿಕ್ಕಿಕೊಳ್ಳುತ್ತದೆ. ಸಣ್ಣದಾಗಿ ಚಿವುಟಿ, ಹೆಬ್ಬೆರಳಿಂದ ಗುಳಿಮಾಡಿ, ಸಾರು ಎತ್ತಿಕೊಳ್ಳಬೇಕು.

ಕಾಫಿ ಬೆಳೆಯುವ ಹಳ್ಳಿಗಳಲ್ಲಿ ಕಾಫಿ ಕುಡಿಯುವವರು ವಿರಳ, ಕುಡಿಯುವುದು ಚಾಯ್. ಆದರೆ ಬುಗಾಂಡದ ಹಳೆಯ ಮನೆಗಳಲ್ಲಿ ಅತಿಥಿಗೆ ಬೇಯಿಸಿ ಒಣಗಿಸಿದ ಕಾಫಿಬೀಜ ಅಗಿಯಲು ಕೊಡುತ್ತಾರೆ, ನಮ್ಮಲ್ಲಿ ಎಲೆಯಡಿಕೆ ತಟ್ಟೆ ಮುಂದಿಟ್ಟಂತೆ. ಹಿಂದೆ ಇಬ್ಬರು ರಕ್ತಸಂಬಂಧದ ಸ್ನೇಹ ಕಟ್ಟಿಕೊಳ್ಳುವಾಗ ಒಂದೇ ಹಣ್ಣಿನ ಎರಡು ಬೀಜಗಳನ್ನು ಹಂಚಿಕೊಂಡು ತಿನ್ನುತ್ತಿದ್ದರು. ನಾಲ್ಕು ಬೀಜ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಿ.

ತೋಟದಲ್ಲಿ

ನಮ್ಮ ಕಡೆಯವರು ಬೇಗ ಸೇರಿಕೊಳ್ಳಬಹುದಾದ ಜಾಗ ಇದು, ಹೆಸರು ಕೆಡಿಸಿಕೊಳ್ಳುವುದಕ್ಕೂ ಇದೇ ಜಾಗ. ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ಮಳೆ. ಮಧ್ಯ ಉಗಾಂಡದಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಮಾರ್ಚ್–ಮೇ ಮತ್ತು ಸೆಪ್ಟೆಂಬರ್–ನವೆಂಬರ್. ಹೂವೂ ಎರಡು ಸಲ, ಕೊಯ್ಲೂ ಎರಡು ಸಲ, ಒಂದು ದೊಡ್ಡದು ಒಂದು ಸಣ್ಣದು. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವ ನಮ್ಮ ಲೆಕ್ಕಾಚಾರವನ್ನು ಅಲ್ಲಿ ಬೋಧಿಸಿದರೆ ಕೇಳುವವರು ನಕ್ಕು ಸುಮ್ಮನಾಗುತ್ತಾರೆ. ಹಿಡುವಳಿಯೂ ಎಸ್ಟೇಟಿನದಲ್ಲ, ಮನೆ ಹಿಂದಿನ ಒಂದೆರಡು ಎಕರೆಯಲ್ಲೇ ಬಾಳೆ, ಕಾಫಿ, ಹುರುಳಿಕಾಯಿ, ಮರಗೆಣಸು. ಮನೆಯವರ ಹೊಟ್ಟೆ ತುಂಬಿಸುವುದು ಬಾಳೆ, ಕಾಫಿ ಕೈಗೆ ಕಾಸು. ಕಾಫಿಗಾಗಿ ಬಾಳೆ ತೆಳುಮಾಡಿ ಎನ್ನುವ ಸಲಹೆಗೆ ಅಲ್ಲಿ ಅರ್ಥವಿಲ್ಲ.

ಎರಡನೆಯದು ಕೊಯ್ಲು. ಹಸಿರು, ಕೆಂಪು ಒಟ್ಟಿಗೇ ಉದುರಿಸಿ ಬರಿ ನೆಲದ ಮೇಲೆ ಒಣಹಾಕಿರುವುದನ್ನು ಕಂಡ ಕೂಡಲೇ ನಮ್ಮವರ ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. ಹಣ್ಣಾಗುವತನಕ ಬಿಟ್ಟರೆ ರಾತ್ರಿ ಕಳ್ಳರು ಕೊಯ್ಯುತ್ತಾರೆ. ಸ್ಕೂಲು ವರ್ಷಕ್ಕೆ ಮೂರು ಅವಧಿ. ಪ್ರತಿ ಅವಧಿಯ ಶುರುವಿಗೆ ಫೀಸು ಕಟ್ಟದಿದ್ದರೆ ಮಗುವನ್ನು ಮನೆಗೆ ಕಳಿಸುತ್ತಾರೆ. ಹೂವಿನಲ್ಲೇ ಬೆಳೆಯನ್ನು ವ್ಯಾಪಾರಿಗೆ ಮಾರಿಬಿಟ್ಟವರೂ ಇರುತ್ತಾರೆ. ಮಾಗಿದ ಹಣ್ಣೇ ಕೊಯ್ಯಬೇಕೆಂದು ಅವರಿಗೆ ಗೊತ್ತು, ಕಾಯುವ ಶಕ್ತಿಯಿಲ್ಲ. ನೀವು ಕೈಹಾಕಬಹುದಾದದ್ದು ಒಣಗಿಸುವ ಹಂತದಲ್ಲಿ. ಟಾರ್ಪಾಲಿನ್ ಅಥವಾ ಬಿದಿರು-ಬಲೆಯ ಅಟ್ಟಣೆ, ಎರಡಂಗುಲಕ್ಕಿಂತ ದಪ್ಪವಿಲ್ಲದ ಹರವು, ಹಗಲು ಗಂಟೆಗೊಮ್ಮೆ ಕೈಯಾಡಿಸುವುದು, ಸಂಜೆ ರಾಶಿಮಾಡಿ ಮುಚ್ಚುವುದು. ಬೀಜದಲ್ಲಿ ತೇವ ಶೇ. 12ರ ಸುಮಾರಿಗೆ ಬರಬೇಕು. ಅಲ್ಲಿ ಒಣಚೆರ್ರಿಗೆ ಕಿಬೋಕೊ ಎಂದು ಹೆಸರು. ಹಸಿಯಾಗಿ ಮಾರಿದರೆ ವ್ಯಾಪಾರಿ ತೂಕದಲ್ಲಿ ಮುರಿದುಕೊಳ್ಳುತ್ತಾನೆ. ಸಂಘದವರು ಸೇರಿ ಒಂದು ತೇವಾಂಶ ಮಾಪಕ ಕೊಂಡರೆ ಆ ಜಗಳ ನಿಲ್ಲುತ್ತದೆ. ಸರ್ಕಾರಿ ಸಲಹೆಗೆ ಹೋಗುವವರು ಗಮನಿಸಿ, ಹಳೆಯ ಕೈಪಿಡಿಗಳಲ್ಲಿರುವ ಕಾಫಿ ಅಭಿವೃದ್ಧಿ ಪ್ರಾಧಿಕಾರವನ್ನು 2024ರ ಕೊನೆಗೆ ಕೃಷಿ ಸಚಿವಾಲಯದೊಳಗೆ ಸೇರಿಸಲಾಗಿದೆ.

ಮೂರನೆಯದು ರೋಗ. ಒಣಗಿದ ರೆಂಬೆಯ ಕೆಳಮೈಯಲ್ಲಿ ಗುಂಡುಸೂಜಿ ತೂತು ಕಂಡರೆ ಅದು ನಮ್ಮ ರೋಬಸ್ಟಾದ ಶಾಟ್ ಹೋಲ್ ಬೋರರ್ರೇ, ಒಂದೇ ಜಾತಿ. ಉಪಾಯವೂ ಒಂದೇ: ತೂತಿಗಿಂತ ಎರಡು ಮೂರು ಅಂಗುಲ ಹಿಂದಕ್ಕೆ ಕತ್ತರಿಸಿ ಅದೇ ದಿನ ಸುಡುವುದು. ಇದನ್ನು ಕೈಯಲ್ಲಿ ಮಾಡಿ ತೋರಿಸಬಹುದು. ಆದರೆ ಇಡೀ ಗಿಡ ಒಂದು ಕಡೆಯಿಂದ ಎಲೆ ಉದುರಿಸಿ ಸಾಯುತ್ತಿದ್ದರೆ ಅದು ಕಾಫಿ ವಿಲ್ಟ್, ನಮ್ಮಲ್ಲಿಲ್ಲದ ಶಿಲೀಂಧ್ರ ರೋಗ. 1990ರ ದಶಕದಿಂದ ಉಗಾಂಡದ ರೋಬಸ್ಟಾವನ್ನು ಊರೂರೇ ಒಣಗಿಸಿದೆ. ಬೇರು, ಬುಡದ ಗಾಯದಿಂದ ಒಳಹೋಗುತ್ತದೆ, ಔಷಧಿಯಿಲ್ಲ. ಗಿಡವನ್ನು ಕಿತ್ತು ಅಲ್ಲೇ ಸುಡಬೇಕು, ಸೌದೆಗೆಂದು ಮನೆಗೆ ಎಳೆದುಕೊಂಡು ಹೋಗಬಾರದು. ತಡೆಯುವ ಶಕ್ತಿಯಿರುವ ಕೆಆರ್ ಸರಣಿಯ ತಳಿಗಳನ್ನು ಅಲ್ಲಿಯ ಸಂಶೋಧಕರು ಕೊಟ್ಟಿದ್ದಾರೆ. ಬುಡ ಕೆದಕಿ ಗೊಬ್ಬರ ಹಾಕುವ ನಮ್ಮ ಅಭ್ಯಾಸ ಅಲ್ಲಿ ಅಪಾಯ.

ಬಾಳೆಯಲ್ಲಿ ಇನ್ನೂ ಸೂಕ್ಷ್ಮ. 2001ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡ ಬ್ಯಾಕ್ಟೀರಿಯಾ ಸೊರಗು ರೋಗ ಕತ್ತಿಯ ಅಂಚಿನಲ್ಲಿ ತೋಟದಿಂದ ತೋಟಕ್ಕೆ ಹೋಗುತ್ತದೆ. ಹೂಮೊಗ್ಗನ್ನು ಕತ್ತಿಯಿಂದ ಕತ್ತರಿಸುವುದಿಲ್ಲ, ಕವಲುಕೋಲಿನಿಂದ ತಿರುವಿ ಮುರಿಯುತ್ತಾರೆ. ಕತ್ತಿಯನ್ನು ಬೆಂಕಿಯಲ್ಲಿ ಹಿಡಿದೋ ಬ್ಲೀಚ್ ನೀರಲ್ಲಿ ಅದ್ದಿಯೋ ಮುಂದಿನ ತೋಟಕ್ಕೆ ಹೋಗುತ್ತಾರೆ. ಉತ್ಸಾಹದಲ್ಲಿ ಒಂದೇ ಕತ್ತಿ ಹಿಡಿದು ಐದು ಮನೆಯ ಬಾಳೆ ಸವರಿದ ಅತಿಥಿ ಐದು ಮನೆಯ ಊಟ ಕಿತ್ತುಕೊಳ್ಳಬಹುದು. ನಿಮ್ಮದೇ ಕತ್ತಿ ಒಯ್ಯಬೇಡಿ, ಆಯಾ ಮನೆಯ ಕತ್ತಿಯನ್ನೇ ಕೇಳಿ.

ಮೊದಲ ಎರಡು ತಿಂಗಳು ಅವರ ಆಳಾಗಿ ದುಡಿಯುವುದೇ ಸರಿ: ಕಳೆ, ಚಿಗುರು ತೆಗೆಯುವುದು, ಹೊದಿಕೆ ಹಾಸುವುದು. ಮೊಬೈಲಿನಲ್ಲಿ ಜಮೀನು ಅಳೆಯಲು, ಗಡಿ ನಡೆದು ನೋಡಲು ಹೋಗಬೇಡಿ. ಬುಗಾಂಡದ ಮೈಲೊ ಎಂಬ ಭೂ ಒಡೆತನದ ಪದ್ಧತಿ ಬ್ರಿಟಿಷರ ಜೊತೆಗಿನ 1900ರ ಒಪ್ಪಂದದಿಂದ ಬಂದದ್ದು. ಒಡೆಯ ಒಬ್ಬ, ಉಳುವವ ಇನ್ನೊಬ್ಬ, ಒಕ್ಕಲೆಬ್ಬಿಸುವ ಭಯ ಯಾವಾಗಲೂ ಇದೆ. ಅಳತೆ ಮಾಡುವ ಪರದೇಶಿ ಎಂದರೆ ಭೂಮಿ ಕೊಳ್ಳಲು ಬಂದವನು ಎಂದೇ ಸುದ್ದಿಯಾಗುತ್ತದೆ.

ಕೈಪಂಪು

ಅಲ್ಲಿ ಯು-2 ಎನ್ನುವುದು ನಮ್ಮ ಇಂಡಿಯಾ ಮಾರ್ಕ್-2, ಯು-3 ಎನ್ನುವುದು ಮಾರ್ಕ್-3. ಮೆಕ್ಯಾನಿಕ್ ಕೆಲಸ ಬಲ್ಲವರಿಗೆ ಇಷ್ಟು ಸಾಕು. ಅರ್ಧ ಗಂಟೆ ಬಿಟ್ಟು ಒತ್ತಿದಾಗ ಐದಾರು ಒತ್ತಿಗೂ ನೀರು ಬರದಿದ್ದರೆ ಕೆಳಗಿನ ವಾಲ್ವ್ ಅಥವಾ ಪೈಪು ಸೋರುತ್ತಿದೆ. ನಿಮಿಷಕ್ಕೆ 40 ಒತ್ತಿಗೆ 15 ಲೀಟರಿನ ಹತ್ತಿರ ಬರಬೇಕು. 10ಕ್ಕಿಂತ ಕಡಿಮೆಯಾದರೆ ಬಕೆಟ್ ವಾಷರ್ ಸವೆದಿದೆ. ಹಿಡಿ ಹಗುರವಾಗಿ ಆಡಿ ನೀರೇ ಇಲ್ಲದಿದ್ದರೆ ರಾಡು ಬಿಟ್ಟಿದೆ. ಕೆಂಪು ನೀರು ಬಂದರೆ ಹುಳಿ ಅಂಶದ ನೀರಿಗೆ ಜಿಐ ಪೈಪು ತುಕ್ಕು ಹಿಡಿದಿದೆ, ಅದೇ ಪೈಪು ಮತ್ತೆ ಹಾಕಿದರೆ ಮತ್ತದೇ ಗತಿ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಊರ ನೀರು ಸಮಿತಿಯನ್ನೂ ಆ ಭಾಗದ ಪಂಪ್ ಮೆಕ್ಯಾನಿಕ್ಕನ್ನೂ ಕರೆಯಿರಿ. ನೀವು ಪುಕ್ಕಟೆ ರಿಪೇರಿ ಮಾಡಿಕೊಟ್ಟರೆ ಅವನ ಹೊಟ್ಟೆಪಾಡು ಹೋಗುತ್ತದೆ, ಸಮಿತಿಯ ತಿಂಗಳ ಚಂದಾ ನಿಲ್ಲುತ್ತದೆ. ನೀವು ಹೋದ ಮೇಲೆ ಪಂಪು ಕೆಟ್ಟರೆ ಕೇಳುವವರಿಲ್ಲ. ಅವನ ಜೊತೆ ಎರಡನೇ ಕೈಯಾಗಿ ನಿಲ್ಲಿ.

ದುಡ್ಡು, ಸಂಘ, ಸಾವು

ಸಾಲ ಕೇಳುತ್ತಾರೆ. ಸ್ಕೂಲ್ ಫೀಸು, ಆಸ್ಪತ್ರೆ, ಬೋಡಾ ಕೊಳ್ಳಲು. ಊರಲ್ಲಿ ಒಬ್ಬರಿಗೊಬ್ಬರು ಕೇಳುವುದು ಮಾಮೂಲು, ನಿಮ್ಮನ್ನು ಕೇಳಿದರೆ ಅಷ್ಟರಮಟ್ಟಿಗೆ ಒಳಗಿನವರಾದಿರಿ ಎಂದೇ ಅರ್ಥ. ಒಬ್ಬರಿಗೆ ಕೊಟ್ಟದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. "ಸಂಸ್ಥೆಯ ನಿಯಮ, ದುಡ್ಡಿನ ವ್ಯವಹಾರ ಇಲ್ಲ" ಎಂದು ಮೊದಲ ದಿನದಿಂದ ಎಲ್ಲರಿಗೂ ಒಂದೇ ಉತ್ತರ ಕೊಡುವುದು ಒಳ್ಳೆಯದು. ಬೀದಿಯಲ್ಲಿ ಮಕ್ಕಳಿಗೆ ಮಿಠಾಯಿ, ಪೆನ್ನು ಹಂಚುವುದೂ ಬೇಡ. ಎರಡೇ ದಿನಕ್ಕೆ ಮಕ್ಕಳು ಕೈಚಾಚಿ ಹಿಂದೆ ಬರುತ್ತವೆ, ತಾಯಂದಿರಿಗೆ ತಲೆತಗ್ಗಿಸುವಂತಾಗುತ್ತದೆ.

ಹೆಂಗಸರ ಉಳಿತಾಯ ಗುಂಪುಗಳು ಹೆಚ್ಚಿನ ಹಳ್ಳಿಗಳಲ್ಲಿವೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಶುರುಮಾಡಿದ ಮಾದರಿ. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಬ್ಯಾಂಕಿನ ಜೋಡಣೆ ಇರುತ್ತದೆ. ಅಲ್ಲಿಯ ಗುಂಪಿಗೆ ಬ್ಯಾಂಕೇ ಇಲ್ಲ. ಸುಮಾರು 15ರಿಂದ 30 ಜನ, ಪ್ರತಿ ಸಭೆಗೆ ಒಬ್ಬೊಬ್ಬರಿಂದ 1ರಿಂದ 5 ಷೇರು, ಮೂರು ಬೀಗದ ಪೆಟ್ಟಿಗೆ, ಮೂರು ಕೀಲಿ ಮೂವರ ಕೈಯಲ್ಲಿ, ವರ್ಷದ ಕೊನೆಗೆ ಎಲ್ಲವನ್ನೂ ಹಂಚಿ ಮತ್ತೆ ಶುರು. ಕರೆದರೆ ಹೋಗಿ ಕೂತು ನೋಡಿ. ನಿಮ್ಮ ದುಡ್ಡು ಪೆಟ್ಟಿಗೆಗೆ ಹಾಕಬೇಡಿ. ತಮ್ಮದೇ ಉಳಿತಾಯವಾದ್ದರಿಂದಲೇ ಸಾಲ ವಾಪಸ್ ಬರುತ್ತದೆ. ಹೊರಗಿನವರ ದುಡ್ಡು ಬಿದ್ದ ದಿನವೇ ಮರುಪಾವತಿ ಸಡಿಲವಾಗುತ್ತದೆ.

ಊರಿಗೆ ಸೇರಿದಿರೋ ಇಲ್ಲವೋ ಎಂಬುದು ಗೊತ್ತಾಗುವುದು ಸಾವಿನ ಮನೆಯಲ್ಲಿ. ಯಾರು ಸತ್ತರೂ ಅಂದು ಕೆಲಸ ನಿಲ್ಲುತ್ತದೆ, ಮನೆಗೊಬ್ಬರಾದರೂ ಹೋಗುತ್ತಾರೆ, ಕೈಲಾದಷ್ಟು ಮಬುಗೊ, ಅಂದರೆ ಸಾವಿನ ಮನೆಗೆ ಕೊಡುವ ದುಡ್ಡು, ಕೊಡುತ್ತಾರೆ, ಹೆಸರು ಮೊತ್ತ ಪುಸ್ತಕದಲ್ಲಿ ಬರೆಯುತ್ತಾರೆ. ನೆರೆಯವರು ಎಷ್ಟು ಹಾಕುತ್ತಾರೋ ಅಷ್ಟೇ ನೀವೂ ಹಾಕಿ, ಹೆಚ್ಚು ಬೇಡ. ನೀರು ತನ್ನಿ, ಸೌದೆ ಹೊರಿ, ಬಾಳೆಕಾಯಿ ಹೆರೆಯಲು ಕೂತುಕೊಳ್ಳಿ. ಹೆಂಗಸರು ಉದ್ದ ಬಟ್ಟೆ ಉಡಬೇಕು. ಫೋಟೊ ಬೇಡವೇ ಬೇಡ. ಒಂದು ಎಚ್ಚರಿಕೆ: ಉಗಾಂಡದಲ್ಲಿ 2022ರಲ್ಲೂ 2025ರಲ್ಲೂ ಎಬೋಲಾ ಗುಂಪಿನ ಸುಡಾನ್ ವೈರಸ್ ಕಾಣಿಸಿಕೊಂಡಿದೆ. ಆರೋಗ್ಯ ಇಲಾಖೆಯ ಪ್ರಕಟಣೆ ಇರುವ ಸಮಯದಲ್ಲಿ ಶವ ಮುಟ್ಟುವುದು, ತೊಳೆಯುವ ಕಡೆ ನಿಲ್ಲುವುದು ಮಾಡಬಾರದು.

ನೀವು ಅವರಿಗೆ ಯಾರು

ಬಿಳಿಯರು ಮುಝುಂಗು, ನೀವು ಮುಯಿಂಡಿ. ಈ ಹೆಸರಿನ ಹಿಂದೆ ಚರಿತ್ರೆಯಿದೆ. 1896ರಿಂದ 1901ರ ನಡುವೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿ ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದರು. ಆಮೇಲೆ ಬಂದ ವ್ಯಾಪಾರಿಗಳು ಅಂಗಡಿ, ಹತ್ತಿ ಗಿರಣಿ, ಸಕ್ಕರೆ ಕಾರ್ಖಾನೆ ಕಟ್ಟಿದರು. 1972ರ ಆಗಸ್ಟಿನಲ್ಲಿ ಇದಿ ಅಮಿನ್ 90 ದಿನ ಗಡುವು ಕೊಟ್ಟು ಏಷ್ಯನ್ನರನ್ನು ಹೊರಹಾಕಿದ. ಕೆಲವರು ಮುಂದೆ ವಾಪಸಾದರು, ಆಸ್ತಿ ಹಿಂದಿರುಗಿಸಿದ್ದೂ ಉಂಟು. ಹಾಗಾಗಿ ಹಳ್ಳಿಯವರಿಗೆ ಭಾರತೀಯ ಎಂದರೆ ಗಲ್ಲಾದ ಹಿಂದೆ ಕೂತ ಧಣಿ. ಹೆಗಲಲ್ಲಿ ನೀರಿನ ಕ್ಯಾನು ಹೊತ್ತ ಮುಯಿಂಡಿಯನ್ನು ಕಂಡು ಮೊದಲು ನಗುತ್ತಾರೆ, ಸಿಟ್ಟಾಗಬೇಡಿ. "ನಿಮ್ಮವರು ಕೂಲಿ ಸರಿಯಾಗಿ ಕೊಡುವುದಿಲ್ಲ" ಎಂದು ಯಾರಾದರೂ ಅಂದರೆ ವಾದಕ್ಕೆ ಇಳಿಯಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಪೇಟೆಯ ಭಾರತೀಯ ಅಂಗಡಿಯವರು ಭಾನುವಾರ ಊಟಕ್ಕೆ ಕರೆದರೆ ಹೋಗಬಹುದು. ಪ್ರತಿ ಭಾನುವಾರವೂ ಅಲ್ಲೇ ಕಳೆದರೆ ಹಳ್ಳಿ ನಿಮ್ಮನ್ನು ಅಲ್ಲಿಗೇ ಸೇರಿಸಿ ಲೆಕ್ಕ ಹಾಕುತ್ತದೆ.

ವಾಪಸ್ ಬರುವಾಗ

ಹೊರಡುವ ಒಂದು ತಿಂಗಳ ಮುಂಚೆ ದಿನ ಹೇಳಿಬಿಡಿ, ಕೆಲಸವನ್ನು ಊರಿನವರೊಬ್ಬರ ಕೈಗೆ ದಾಟಿಸಿ, ಛೇರ್ಮನ್ನರ ಮನೆಗೆ ಹೋಗಿ ಹೇಳಿ ಹೊರಡಿ. "ಮತ್ತೆ ಬರುತ್ತೇನೆ, ಪಂಪು ಕಳಿಸುತ್ತೇನೆ" ಎಂದು ಬಾಯಿಗೆ ಬಂದ ಮಾತು ಕೊಡಬೇಡಿ.

ಕಾಫಿಬೀಜ, ಗಿಡ, ಮಣ್ಣು, ತೋಟದಲ್ಲಿ ತೊಟ್ಟ ಬೂಟಿನ ಕೆಸರು, ಯಾವುದೂ ಚೀಲದಲ್ಲಿ ಬರಬಾರದು. ಕಾಫಿ ವಿಲ್ಟ್ ಒಂದೇ ಅಲ್ಲ, 1922ರಲ್ಲಿ ಕೀನ್ಯಾದಲ್ಲಿ ಮೊದಲು ಗುರುತಿಸಿದ ಕಾಫಿ ಬೆರ್ರಿ ಡಿಸೀಸ್ ಕೂಡ ಆಫ್ರಿಕಾದಲ್ಲೇ ಇದೆ, ನಮ್ಮಲ್ಲಿಲ್ಲ. ಎತ್ತರದ ತಂಪಿನಲ್ಲಿ ಅರೇಬಿಕಾದ ಹಸಿಕಾಯಿಯನ್ನೇ ಕೊಳೆಸುವ ಅದು ಬಾಬಾಬುಡನ್‌ಗಿರಿಯ ತಪ್ಪಲಿಗೆ ಬಂದರೆ ಏನಾಗುತ್ತದೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಬೂಟು, ಕೈಗವಸು ಅಲ್ಲೇ ಕೊಟ್ಟು ಬನ್ನಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಹೊಸ ತಳಿ ಬೇಕಾದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವಿದೆ, ಸಸ್ಯ ಕ್ವಾರಂಟೈನ್ ನಿಯಮದ ದಾರಿಯಿದೆ. ಜೇಬಿನಲ್ಲಿ ನಾಲ್ಕು ಬೀಜ ತರುವ ದಾರಿ ಬೇಡ.

ಮಲೇರಿಯಾ ಮಾತ್ರೆಯನ್ನು ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ಮುಗಿಸಿ. ಒಂದು ವರ್ಷದೊಳಗೆ ಯಾವ ಜ್ವರ ಬಂದರೂ ವೈದ್ಯರಿಗೆ ಮೊದಲ ಮಾತಾಗಿ ಉಗಾಂಡಕ್ಕೆ ಹೋಗಿದ್ದೆ ಎಂದು ಹೇಳಿ. ಮಲೆನಾಡಿನಲ್ಲಿ ಜ್ವರವೆಂದರೆ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಎಂದು ಯೋಚಿಸುತ್ತಾರೆ. ಫಾಲ್ಸಿಪ್ಯಾರಮ್ ನೆನಪಿಗೆ ಬರುವಷ್ಟರಲ್ಲಿ ತಡವಾಗಬಹುದು. ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಕೇಳಿ ಮಾಡಿಸಿ, ಇಲ್ಲ ಎಂದು ಬಂದರೂ ಜ್ವರ ಇಳಿಯದಿದ್ದರೆ ಮರುದಿನ ಮತ್ತೊಮ್ಮೆ.